ಉಳಿದದ್ದು ಬೆಳ್ಳಿತೆರೆಯ ಮೇಲೆ

ನಮ್ಮೂರ ಟೆಂಟ್ ಸಿನಿಮಾದ ಗೇಟಿನಲ್ಲಿ ಕಡಲೆಕಾಯಿಯವನ ಪಕ್ಕದಲ್ಲೇ ಹಾಡಿನ ಪುಸ್ತಕದವನೂ ಕೂರುತ್ತಿದ್ದ. ಪುಸ್ತಕ ಎಂದರೆ ನಾಲ್ಕಾರು ಪುಟ, ತೆಳ್ಳನೆಯ ಗುಲಾಬಿ ಕಾಗದ, ಮುಟ್ಟಿದರೆ ಬೆರಳಿಗೆ ಮಸಿ. ಮೊದಲು ತಾರಾಗಣ, ಆಮೇಲೆ ಕಥಾಸಾರ, ಕೊನೆಗೆ ಹಾಡುಗಳು. ನನ್ನ ಅಕ್ಕನಿಗೆ ಹಾಡಿಗಿಂತ ಕಥಾಸಾರದ ಮೇಲೇ ಕಣ್ಣು. ಅದನ್ನು ಬರೆಯುತ್ತಿದ್ದ ಪುಣ್ಯಾತ್ಮ ಯಾರೋ, ನಾಯಕಿಯನ್ನು ಬೆಟ್ಟದ ತುದಿಯವರೆಗೂ ಓಡಿಸಿ ಅಲ್ಲೇ ನಿಲ್ಲಿಸಿಬಿಡುತ್ತಿದ್ದ. ಅವಳ ಗತಿ ಏನಾಯಿತು? ಅಣ್ಣತಮ್ಮಂದಿರು ಒಂದಾದರೇ? ದುಷ್ಟನಿಗೆ ಶಿಕ್ಷೆಯಾಯಿತೇ? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ!

ಅಪ್ಪ ವರ್ಷಕ್ಕೆ ಒಂದೆರಡು ಚಿತ್ರಕ್ಕಷ್ಟೇ ಕಳಿಸುತ್ತಿದ್ದದ್ದು. ಮಿಕ್ಕವಕ್ಕೆಲ್ಲ ಅಕ್ಕನೇ ಕ್ಲೈಮ್ಯಾಕ್ಸ್ ಕಟ್ಟುತ್ತಿದ್ದಳು. ಅವಳ ಕಥೆಗಳಲ್ಲಿ ಖಳನಾಯಕ ಹೆಚ್ಚಾಗಿ ಹಾವು ಕಚ್ಚಿ ಸಾಯುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಆ ಚಿತ್ರಗಳಲ್ಲಿ ಕೆಲವನ್ನು ಟೀವಿಯಲ್ಲಿ ನೋಡಿದೆ. ಅಕ್ಕನ ಹಾವೇ ವಾಸಿ ಅನ್ನಿಸಿತು.

ಕಟ್ಟಪ್ಪನ ವಿಷಯದಲ್ಲಿ ಆದದ್ದೂ ಹೀಗೇ. ‘ಬಾಹುಬಲಿ’ಯ ಮೊದಲ ಭಾಗ ತೆರೆಕಂಡದ್ದು 2015ರ ಜುಲೈ 10ರಂದು, ಮುಗಿದದ್ದು ಬಾಹುಬಲಿಯ ಬೆನ್ನಿಗೆ ಕಟ್ಟಪ್ಪನ ಕತ್ತಿ ಇಳಿದಲ್ಲಿಗೆ, ಯಾಕೆಂದು ಹೇಳದೆಯೇ. ಎರಡನೆಯದು ಬಂದದ್ದು 2017ರ ಏಪ್ರಿಲ್ 28ಕ್ಕೆ. ಅಲ್ಲಿಯವರೆಗೆ ದೇಶಕ್ಕೆ ದೇಶವೇ ನನ್ನ ಅಕ್ಕನಾಗಿಬಿಟ್ಟಿತು. ಸಂಬಳ ಬಾಕಿ ಇತ್ತಂತೆ, ರಜೆ ಕೊಡಲಿಲ್ಲವಂತೆ ಎಂದು ಕಚೇರಿಯ ಕಾಫಿ ವೇಳೆಯಲ್ಲಿ, ವಾಟ್ಸಾಪಿನಲ್ಲಿ ಕಟ್ಟಪ್ಪನಿಗೆ ದಿನಕ್ಕೊಂದು ಕಾರಣ ಹುಟ್ಟುತ್ತಿತ್ತು. ದುಡ್ಡು ಕೊಟ್ಟು ಮಾಡಿಸಬೇಕಾದ ಪ್ರಚಾರವನ್ನು ಜನ ಪುಕ್ಕಟೆಯಾಗಿ ಮಾಡಿಕೊಟ್ಟರು. ಕೊನೆಗೆ ನಿಜವಾದ ಕಾರಣ ನೋಡಿದರೆ ರಾಜಮಾತೆಯ ಅಪ್ಪಣೆ! ಚಿತ್ರ ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಆದರೆ ನನ್ನ ಪಕ್ಕದ ಸೀಟಿನವರು ‘ಇಷ್ಟೇನಾ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಕರ್ನಾಟಕದಲ್ಲಂತೂ ಬಿಡುಗಡೆಯೇ ಅನುಮಾನವಾಗಿತ್ತು. ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ವರ್ಷಗಳ ಹಿಂದೆ ಕಾವೇರಿ ಗಲಾಟೆಯಲ್ಲಿ ಆಡಿದ್ದ ಮಾತಿಗೆ ಕನ್ನಡ ಸಂಘಟನೆಗಳು ಸಿಡಿದೆದ್ದವು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ನಿರ್ದೇಶಕ ರಾಜಮೌಳಿ ಚಿತ್ರಕ್ಕೆ ಅಡ್ಡಿ ಮಾಡಬೇಡಿ ಎಂದು ಕನ್ನಡದಲ್ಲೇ ವಿಡಿಯೊ ಮಾಡಿ ಕೇಳಿಕೊಂಡರು. ಸತ್ಯರಾಜ್ ವಿಷಾದ ಸೂಚಿಸಿದರು. ಯಾವ ಪ್ರಚಾರದವನೂ ಹೂಡಲಾರದ ಸಸ್ಪೆನ್ಸ್ ಅದು.

ಪ್ರಚಾರದ ಕೆಲಸವನ್ನು ಜನರಿಗೇ ಹಚ್ಚುವುದರಲ್ಲಿ ಹಾಲಿವುಡ್ಡಿನ ‘ದಿ ಡಾರ್ಕ್ ನೈಟ್’ನವರನ್ನು ಮೀರಿಸಿದವರು ಕಡಿಮೆ. 2007ರ ಡಿಸೆಂಬರಿನಲ್ಲಿ ಇಂಟರ್‌ನೆಟ್ಟಿನ ಸುಳಿವು ಹಿಡಿದು ಅಮೆರಿಕದ ಬೇಕರಿಗಳಿಗೆ ಹೋದವರಿಗೆ ಒಂದು ಕೇಕ್ ಸಿಕ್ಕಿತು. ಮೇಲೆ ಕ್ರೀಮಿನಲ್ಲಿ ಬರೆದ ಫೋನ್ ನಂಬರ್. ಆ ನಂಬರಿಗೆ ಕರೆ ಮಾಡಿದರೆ ರಿಂಗಾದದ್ದು ಕೇಕಿನ ಹೊಟ್ಟೆಯೊಳಗೇ! ಚಿತ್ರ ಬರಲು ಇನ್ನೂ ಏಳು ತಿಂಗಳಿತ್ತು. ಅದರ ಖಳನಾಯಕ ಜೋಕರ್ ಆಗಲೇ ಇವರ ಅಡುಗೆಮನೆಗೆ ಬಂದಿದ್ದ.

ನಮ್ಮ ‘ಕೆಜಿಎಫ್ ಚಾಪ್ಟರ್ 2’ರದು ಬೇರೆ ಜಾಯಮಾನ. ಅದು ಪ್ರಶ್ನೆ ಕೇಳಲಿಲ್ಲ, ಮುಹೂರ್ತ ಇಟ್ಟಿತು. ನಾಯಕನಟ ಯಶ್ ಹುಟ್ಟುಹಬ್ಬದಂದು, 2021ರ ಜನವರಿ 8ರ ಬೆಳಿಗ್ಗೆ 10.18ಕ್ಕೆ ಟೀಸರ್. ಅಕ್ಕನ ಮಗ ಅಲಾರಂ ಇಟ್ಟುಕೊಂಡಿದ್ದ. ಹಿಂದಿನ ಸಂಜೆಯೇ ಅದು ಸೋರಿಹೋಗಿ, ಚಿತ್ರತಂಡ ಅದೇ ರಾತ್ರಿ 9.29ಕ್ಕೆ ಬಿಟ್ಟೇಬಿಟ್ಟಿತು. ನಾವು ಊಟಕ್ಕೆ ಕೂತಿದ್ದೆವು. ‘ಮಾವಾ, ಬಂತು!’ ಎಂದು ಎಂಜಲು ಕೈಯಲ್ಲೇ ಓಡಿ ಬಂದ. ಗುಂಡು ಹಾರಿಸಿ ಕೆಂಪಗೆ ಕಾದ ಬಂದೂಕಿನ ನಳಿಕೆಗೆ ನಾಯಕ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು.

‘ಕಥೆ ಏನೋ?’

‘ಅಮ್ಮಾ, ಇದು ಟೀಸರ್.’

‘ಕೊನೆ ಬಚ್ಚಿಡ್ಲಿ ಕಣೋ, ಮೊದಲನ್ನೂ ಬಚ್ಚಿಟ್ರೆ ಹೆಂಗೆ?’

ಚಿತ್ರಕ್ಕೆ 2021ರ ಜುಲೈ 16 ಎಂದು ದಿನ ಗೊತ್ತಾದಾಗ, ಅಂದು ದೇಶಕ್ಕೆಲ್ಲ ರಜೆ ಕೊಡಿ ಎಂದು ಅಭಿಮಾನಿಯೊಬ್ಬರು ಪ್ರಧಾನಿಗೇ ಪತ್ರ ಬರೆದರು. ಕೊರೊನಾ ಬಂದು ಆ ದಿನಾಂಕವೇ ಹೋಯಿತು. ಕಡೆಗೆ ಚಿತ್ರ ಬಂದದ್ದು 2022ರ ಏಪ್ರಿಲ್ 14ಕ್ಕೆ. ಅಂದು ಅಂಬೇಡ್ಕರ್ ಜಯಂತಿ, ಯಾರೂ ಅರ್ಜಿ ಹಾಕದೆಯೇ ರಜೆ. ಅಕ್ಕನ ಮಗನಿಗೆ ಮಾತ್ರ ಟಿಕೆಟ್ ಸಿಗಲಿಲ್ಲ, ಊರಿಗೆ ಊರೇ ರಜೆಯಲ್ಲಿತ್ತಲ್ಲ.