ಕೆಂಪಿಗೆ ಗಾಜು, ಕಲ್ಲಿಗೆ ಬಿಸಿಲು

ಬೆಂಗಳೂರಿನ ಹಳೆಯ ಕಟ್ಟಡಗಳ ಫೋಟೊ ತೆಗೆಯುವ ಹುಚ್ಚಿರುವವರು ಅಂಬೇಡ್ಕರ್ ವೀದಿಗೆ ಹೋಗಲೇಬೇಕು. ಒಂದು ಕಡೆ ಕೆಂಪು ಬಳಿದ ಅಠಾರ ಕಚೇರಿ, ಅಂದರೆ ಹೈಕೋರ್ಟು. ಎದುರಿಗೆ ಬೂದುಗಲ್ಲಿನ ವಿಧಾನಸೌಧ. ಬೆಳಗಿನ ಬಿಸಿಲು ವಿಧಾನಸೌಧದ ಮುಖಕ್ಕೆ, ಸಂಜೆಯದು ರಸ್ತೆಯತ್ತ ನೋಡುವ ಕಚೇರಿಯ ಗೋಡೆಗೆ. ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ ಸೂರ್ಯ ದಿನಾ ಹಂಚಿಕೊಡುತ್ತಾನೆ, ತಕರಾರಿಲ್ಲ.

ನಾನು ಕಂಡುಕೊಂಡದ್ದು ಇಷ್ಟು: ಬಣ್ಣದ ಕಟ್ಟಡ ಫಿಲ್ಟರಿಗೆ ಒಲಿಯುತ್ತದೆ, ಕಲ್ಲಿನ ಕಟ್ಟಡ ಬಿಸಿಲಿಗಲ್ಲದೆ ಬೇರೆ ಯಾರಿಗೂ ಬಾಯಿ ಬಿಡುವುದಿಲ್ಲ.

ಕಪ್ಪುಬಿಳುಪು ಫಿಲ್ಮ್ ಹಾಕಿ, ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ತಿರುಗಿಸಿ ಕೂರಿಸಿ. ಅದು ನೀಲಿಯನ್ನು ತಡೆದು ಕೆಂಪನ್ನು ಒಳಬಿಡುತ್ತದೆ. ಆಕಾಶ ಕಪ್ಪಾಗುತ್ತದೆ, 1868ರಲ್ಲಿ ಮುಗಿದ ಆ ಕೆಂಪು ಕಚೇರಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಸುಮಾರು 3 ಸ್ಟಾಪ್ ಬೆಳಕನ್ನು ನುಂಗುವ ಗಾಜು ಅದು, ಟ್ರೈಪಾಡ್ ಇದ್ದರೆ ಒಳ್ಳೆಯದು. ಹಸಿರು ಫಿಲ್ಟರ್ ಹಾಕಿದರೆ ಎಲ್ಲ ತಿರುವುಮುರುವು: ಗೋಡೆ ಕಪ್ಪಿಡುತ್ತದೆ, ಕಬ್ಬನ್ ಪಾರ್ಕಿನ ಎಲೆಗಳು ತಿಳಿಯಾಗುತ್ತವೆ. ನನ್ನ ಮನಸ್ಸು ಮಾತ್ರ ಹಳದಿಯ ಕಡೆಗೆ. ಮೋಡ ಕಾಣುತ್ತದೆ, ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. 1980ರ ದಶಕದಲ್ಲಿ ಈ ಕಟ್ಟಡವನ್ನು ಕೆಡವುವ ಮಾತು ಬಂದಿತ್ತು. ಜನ ಕೋರ್ಟಿನ ಮೆಟ್ಟಿಲು ಹತ್ತಿ ಉಳಿಸಿಕೊಂಡರು. ಹಾಗೆ ಉಳಿದು ಬಂದ ಗೋಡೆಯನ್ನು ಸುಣ್ಣ ಬಳಿದಂತೆ ತೋರಿಸಲು ನನಗೆ ಕೈ ಬರುವುದಿಲ್ಲ.

ಸಂಜೆ ಅಲ್ಲಿ ಆಕಾಶವನ್ನು ಗಾಢವಾಗಿಸಲು ಪೋಲರೈಸರ್ ತಿರುಗಿಸುತ್ತಾ ನಿಂತವರನ್ನು ನೋಡಿದ್ದೇನೆ. ಸೂರ್ಯ ಬೆನ್ನಿಗಿದ್ದರೆ ಎಷ್ಟು ತಿರುಗಿಸಿದರೂ ಆಕಾಶ ಕದಲದು. ಸೂರ್ಯ ಪಕ್ಕಕ್ಕಿರಬೇಕು, 90 ಡಿಗ್ರಿಯ ಆಸುಪಾಸಿನಲ್ಲಿ.

ಈಗ ವಿಧಾನಸೌಧಕ್ಕೆ ಬನ್ನಿ. ಬೂದು ಬಣ್ಣಕ್ಕೆ ಯಾವ ಫಿಲ್ಟರೂ ಅಷ್ಟೇ, ಎಲ್ಲ ಬಣ್ಣವೂ ಅದರಲ್ಲಿ ಸಮಪಾಲು. ಮುಂಜಾನೆಯ ನೇರ ಬಿಸಿಲಿನಲ್ಲಿ ಎತ್ತರದ ಕಂಬಗಳೂ ಚಪ್ಪಟೆಯಾಗಿ ಕಾಣುತ್ತವೆ. ಡಿಸೆಂಬರಿನಲ್ಲಿ ಹತ್ತೂವರೆ, ಹನ್ನೊಂದರ ಹೊತ್ತಿಗೆ ಹೋಗಿ. ಸೂರ್ಯ ಅಷ್ಟರಲ್ಲಿ ದಕ್ಷಿಣಕ್ಕೆ ಸರಿದು ಗೋಡೆಯನ್ನು ಓರೆಯಾಗಿ ಸವರುತ್ತಿರುತ್ತಾನೆ. ಕಂಬದ ಒಂದು ಬದಿ ಹೊಳೆದು ಇನ್ನೊಂದು ಬದಿ ನೆರಳಿಗೆ ಜಾರುತ್ತದೆ. ಕೆತ್ತನೆಯ ಒಂದೊಂದು ಅಂಚಿಗೂ ಕೂದಲೆಳೆಯಷ್ಟು ನೆರಳು ಬಿದ್ದು, ಉಳಿ ಎಲ್ಲಿ ಆಳಕ್ಕಿಳಿಯಿತು, ಎಲ್ಲಿ ತಡೆಯಿತು ಎಂಬುದೂ ಗೊತ್ತಾಗುತ್ತದೆ. ಆ ಕಲ್ಕುಟಿಗರ ಹೆಸರು ನನಗೆ ಗೊತ್ತಿಲ್ಲ. ಅವರ ಕೈ ಕಾಣಬೇಕಾದರೆ ಈ ಹೊತ್ತೇ ಬೇಕು. ಏಪ್ರಿಲ್ ಕೊನೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಸೂರಿನ ನೆರಳು ಗೋಡೆಯುದ್ದಕ್ಕೂ ಇಳಿದು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಎರಡು ಕಟ್ಟಡಕ್ಕೂ ಒದಗುವ ಗಾಜೆಂದರೆ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಡೆಯುವ 10 ಸ್ಟಾಪಿನ ಎನ್‌ಡಿ ಫಿಲ್ಟರ್. ಸೆಕೆಂಡಿನ 60ನೇ ಒಂದು ಭಾಗದ ಎಕ್ಸ್‌ಪೋಷರ್ ಸುಮಾರು 17 ಸೆಕೆಂಡಿಗೆ ಹಿಗ್ಗುತ್ತದೆ. ಓಡುವ ಬಸ್ಸು, ಆಟೊ, ಬೈಕುಗಳು ಚಿತ್ರದಿಂದ ಕರಗಿಹೋಗುತ್ತವೆ. ನಿಲ್ಲಿಸಿದ ಕಾರುಗಳು ಮಾತ್ರ ಹೋಗುವುದಿಲ್ಲ. ಅದಕ್ಕೆ ಭಾನುವಾರವೇ ಸರಿ.