ಮೂರು ಗಂಟೆ ಕೆಲಸ, ಮೂರು ವಾರ ಕಾಯೋದು

ವಾಚನಾಲಯದ ಪುಸ್ತಕಕ್ಕೆ ಟೀಚರ್ ಒಬ್ಬಳು ಬಿಯರಿನ ಬಗ್ಗೆ ಬರೆದು ಕೊಟ್ಟಳು ಅಂದರೆ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಸಿಟ್ಟು ಬರಬಹುದು. ಸಿಟ್ಟು ಬರೋರಿಗೆ ಮೊದಲೇ ಹೇಳಿಬಿಡ್ತೀನಿ, ನಾನು ಕುಡಿಯೋಳಲ್ಲ. ಕುಡಿತ ಒಂದು ಮನೆಯನ್ನ ಏನು ಮಾಡುತ್ತೆ ಅಂತ ಹತ್ತಿರದಿಂದ ಕಂಡವಳು. ಹಾಗಿದ್ದೂ ಈ ವಿಷಯ ಯಾಕೆ ತಗೊಂಡೆ ಅನ್ನೋದು ಮುಂದೆ ಓದಿದರೆ ತಿಳಿಯುತ್ತೆ.

ನಮ್ಮ ಕಡೆಯವರಿಗೆ ಕಬಿನಿ ಹೊಳೆ ಗೊತ್ತಲ್ಲ. ಈಚೆ ದಡದಲ್ಲಿ ಪೆರಿಕ್ಕಲ್ಲೂರು, ಆಚೆ ದಡದಲ್ಲಿ ಬೈರಕುಪ್ಪೆ. ಈಚೆ ಕೇರಳ, ಆಚೆ ಕರ್ನಾಟಕ, ನಡುವೆ ದೋಣಿ. ಕೇರಳದಲ್ಲಿ 1996ರ ಏಪ್ರಿಲ್ 1ರಿಂದ ಸಾರಾಯಿ ನಿಂತಿತು. ಕರ್ನಾಟಕದಲ್ಲಿ ನಿಂತದ್ದು 2007ರ ಜುಲೈ 1ಕ್ಕೆ. ನಡುವಿನ ಆ ಹನ್ನೊಂದು ವರ್ಷ ನಮ್ಮ ಅಪ್ಪನಂಥ ಎಷ್ಟೋ ಜನ ದೋಣಿ ಹತ್ತಿ ಆಚೆ ಹೋಗಿ ಪ್ಯಾಕೆಟ್ ಸಾರಾಯಿ ಕುಡಿದು ಬರ್ತಿದ್ದರು. ಅಪ್ಪ 2004ರಲ್ಲಿ ಲಿವರ್ ಹೋಗಿ ತೀರಿಕೊಂಡ. ಆಗ ನನ್ನ ತಮ್ಮನಿಗೆ ಹದಿನೈದು ವರ್ಷ. ಅಪ್ಪನ್ನ ಹುಡುಕಿಕೊಂಡು ಕತ್ತಲಲ್ಲಿ ಟಾರ್ಚು ಹಿಡಿದು ಕಡವಿಗೆ ಹೋಗಿ ನಿಲ್ಲುತ್ತಿದ್ದವನು ಅವನೇ.

ಆ ತಮ್ಮ ಈಗ ಇಂಗ್ಲೆಂಡಿನ ಲೀಡ್ಸ್ ಊರಲ್ಲಿದ್ದಾನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಇವನು ಒಂದು ಗೋದಾಮಿನಲ್ಲಿ ಲೆಕ್ಕ ನೋಡ್ಕೋತಾನೆ. ಇಬ್ಬರು ಮಕ್ಕಳು. ಎರಡು ವರ್ಷದ ಹಿಂದೆ ಅವನು ಫೋನಿನಲ್ಲಿ, "ಅಕ್ಕ, ನಾನು ಮನೇಲೇ ಬಿಯರ್ ಮಾಡ್ತೀನಿ, ಪೇಲ್ ಏಲ್ ಅಂತ" ಅಂದ. ಪಕ್ಕದಲ್ಲಿ ಹುರುಳಿ ಹಸನು ಮಾಡುತ್ತಾ ಕೂತಿದ್ದ ಅವ್ವ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಒಂದು ವಾರ ಅವನ ಫೋನಿಗೆ ಬರಲಿಲ್ಲ.

ನನಗೂ ನೋವಾಯಿತು. ಆದರೆ ನಾನು ಪಾಠ ಹೇಳೋ ಕೆಲಸದವಳು, ಏನು ಅಂತ ತಿಳಿಯದೆ ಬೈಯ್ಯೋಕೆ ಮನಸ್ಸು ಬರಲಿಲ್ಲ. "ಏನು ಮಾಡ್ತೀಯ, ಹೆಂಗೆ ಮಾಡ್ತೀಯ, ಮೊದಲಿಂದ ಕೊನೇವರೆಗೂ ನಂಗೆ ತೋರಿಸು" ಅಂದೆ. ಒಂದು ಭಾನುವಾರ ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಇಲ್ಲಿ ಸಂಜೆ ಆರೂವರೆ, ಅವನು ಫೋನನ್ನ ಒಲೆಯ ಪಕ್ಕದ ಶೆಲ್ಫಿಗೆ ಒರಗಿಸಿಟ್ಟ. ಹೆಂಡತಿ ಡ್ಯೂಟಿಯಿಂದ ಬರೋಕೆ ಮೂರೂವರೆ ಗಂಟೆ ಇತ್ತು. ಅವನಿಗೆ ವಾರದಲ್ಲಿ ಬಿಡುವು ಅಂತ ಸಿಗೋದು ಅಷ್ಟೇ.

ಬಿಯರ್ ಏನು ಅಂತ ನಮ್ಮ ಅಡುಗೆ ಮನೆಯ ಮಾತಲ್ಲೇ ಹೇಳ್ತೀನಿ. ಇಲ್ಲಿನ ಮಲಯಾಳಿಗಳು ಮುತ್ತಾರಿ ಅನ್ನೋ ನಮ್ಮ ರಾಗಿಯನ್ನ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ರಾಗಿ ಮಾಲ್ಟ್. ಮಕ್ಕಳಿಗೆ ಅದರ ಗಂಜಿ ಕುಡಿಸ್ತೀವಿ, ಸಕ್ಕರೆ ಹಾಕದಿದ್ದರೂ ಸ್ವಲ್ಪ ಸಿಹಿ ಇರುತ್ತೆ. ಕಾಳು ಮೊಳಕೆ ಒಡೆಯುವಾಗ ಅದರೊಳಗೆ ಒಂದು ಕಿಣ್ವ ಹುಟ್ಟಿಕೊಂಡು ಹಿಟ್ಟನ್ನ ಸಕ್ಕರೆ ಮಾಡುತ್ತೆ. ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿದರೆ ಗಂಜಿ ತೆಳ್ಳಗಾಗೋದು ಇದರಿಂದಲೇ. ರಾಗಿ ಮಾಲ್ಟಿನ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಬಹಳ ಕೆಲಸ ನಡೆದಿದೆ. ಅಲ್ಲಿನವರು ಇದನ್ನೇ ಬಾರ್ಲಿಯಲ್ಲಿ ಮಾಡ್ತಾರೆ, ಅಂಗಡಿಯಲ್ಲಿ ಬಾರ್ಲಿ ಮಾಲ್ಟ್ ಚೀಲದಲ್ಲಿ ಸಿಗುತ್ತೆ. ಆ ಸಿಹಿ ರಸ ಕುದಿಸಿ, ಹಾಪ್ಸ್ ಅನ್ನೋ ಬಳ್ಳಿಯ ಹೂವಿನ ಕಹಿ ಸೇರಿಸಿ, ಆರಿಸಿ, ಈಸ್ಟ್ ಹಾಕಿ ಹುದುಗಿಸಿದರೆ ಬಿಯರ್.

ಪೇಲ್ ಅಂದರೆ ತಿಳಿ ಬಣ್ಣ. ಹಿಂದೆ ಮಾಲ್ಟನ್ನ ಕಟ್ಟಿಗೆ ಬೆಂಕಿಯಲ್ಲಿ ಒಣಗಿಸ್ತಿದ್ದಾಗ ಅದು ಕಂದು ಬಣ್ಣಕ್ಕೆ ತಿರುಗಿ ಹೊಗೆ ವಾಸನೆ ಬರ್ತಿತ್ತಂತೆ. ಕಲ್ಲಿದ್ದಲನ್ನ ಸುಟ್ಟು ಮಾಡಿದ ಕೋಕ್ ಬಂದ ಮೇಲೆ ಹೊಗೆಯಿಲ್ಲದ ಬೆಂಕಿಯಲ್ಲಿ ತಿಳಿ ಬಣ್ಣದ ಮಾಲ್ಟ್ ಸಿಕ್ಕಿತು. ಈ ಪೇಲ್ ಏಲಿಗೂ ನಮ್ಮ ದೇಶಕ್ಕೂ ಹಳೇ ನಂಟು. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಯಿಂದ, ಆಮೇಲೆ ಬರ್ಟನ್ ಊರಿನಿಂದ, ಇಲ್ಲಿದ್ದ ಇಂಗ್ಲಿಷರಿಗೆ ಪೀಪಾಯಿಗಳಲ್ಲಿ ಇದು ಬರ್ತಿತ್ತು. ಹಡಗು ಆಫ್ರಿಕಾದ ತುದಿ ಸುತ್ತಿ ಬರೋಕೆ ನಾಲ್ಕರಿಂದ ಆರು ತಿಂಗಳು. ಆ ಪ್ರಯಾಣದಲ್ಲಿ ಅದು ಇನ್ನೂ ಹದವಾಗ್ತಿತ್ತಂತೆ. ಆಮೇಲೆ ನಮ್ಮ ನೀಲಗಿರಿಯಲ್ಲಿ, ಬೆಂಗಳೂರಲ್ಲಿ ಸಣ್ಣ ಸಣ್ಣ ಬ್ರೂವರಿಗಳು ಎದ್ದವು. ದಕ್ಷಿಣದ ಅಂಥ ಐದನ್ನ 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ಒಂದು ಮಾಡಿದ. ಅದೇ ಯುನೈಟೆಡ್ ಬ್ರೂವರೀಸ್.

ಆರು ತಿಂಗಳ ಸರಕನ್ನ ನನ್ನ ತಮ್ಮ ಒಂದು ಮಧ್ಯಾಹ್ನದಲ್ಲಿ ಮಾಡೋಕೆ ಹೊರಟಿದ್ದ. ಹೇಗೆ ಅಂತ ನೋಡಿದೆ. ಶನಿವಾರ ರಾತ್ರಿಯೇ ಮಾಲ್ಟ್ ತೂಗಿ, ಪಾತ್ರೆಗೆ ನೀರು ತುಂಬಿ ಇಟ್ಟಿದ್ದ. ಹತ್ತು ಲೀಟರ್ ಬಿಯರಿಗೆ ಎರಡು ಕಿಲೋ ಮಾಲ್ಟ್, ಹದಿನಾಲ್ಕು ಲೀಟರ್ ನೀರು. ನಾವು ಮೊಸರು ಕಟ್ಟೋ ಬಟ್ಟೆಯ ಥರದ ದೊಡ್ಡ ಚೀಲದೊಳಗೆ ಮಾಲ್ಟ್ ಹಾಕಿ, 66 ಡಿಗ್ರಿ ಬಿಸಿನೀರಲ್ಲಿ ಇಳಿಬಿಟ್ಟು ಕಂಬಳಿ ಸುತ್ತಿದ. ಪುಸ್ತಕದಲ್ಲಿ ಒಂದು ಗಂಟೆ ಅಂತ ಇದೆಯಂತೆ. ಇವನು ಅರ್ಧ ಗಂಟೆಗೆ ತೆಗೆದ. ಸಣ್ಣಗೆ ಒಡೆದ ತಿಳಿ ಮಾಲ್ಟಿನಲ್ಲಿ ಸಕ್ಕರೆ ಆಗೋ ಕೆಲಸ ಹೆಚ್ಚುಕಮ್ಮಿ ಅಷ್ಟರಲ್ಲೇ ಮುಗಿದಿರುತ್ತೆ. ನೀರು ಬಹಳ ಬಿಸಿಯಾಗಿದ್ದರೆ ಮಾತ್ರ ಆ ಕಿಣ್ವ ಸತ್ತು ಕೆಲಸ ಕೆಡುತ್ತೆ. ರಾಗಿ ಮಾಲ್ಟನ್ನ ಜಾಸ್ತಿ ಹುರಿಯಬೇಡಿ ಅನ್ನೋದೂ ಇದೇ ಕಾರಣಕ್ಕೆ.

ಚೀಲ ಎತ್ತಿ ಹಿಂಡಿ, ರಸ ಕುದಿಸಿದ. ಅದಕ್ಕೂ ವಾಡಿಕೆ ಒಂದು ಗಂಟೆ, ಇವನದು ಅರ್ಧ ಗಂಟೆ. ಕುದಿ ಕಮ್ಮಿಯಾದರೆ ಹಾಪ್ಸಿನ ಕಹಿ ಕಮ್ಮಿ ಬಿಡುತ್ತೆ, ಅದಕ್ಕೆ ಹೂ ಸ್ವಲ್ಪ ಜಾಸ್ತಿ ಹಾಕಿದ: ಮೊದಲಿಗೆ ಹದಿನೈದು ಗ್ರಾಂ, ಕೊನೆಯ ಐದು ನಿಮಿಷಕ್ಕೆ ಇಪ್ಪತ್ತು ಗ್ರಾಂ, ಒಲೆ ಆರಿಸಿದ ಮೇಲೆ ಪರಿಮಳಕ್ಕೆ ಮೂವತ್ತು ಗ್ರಾಂ. ಪಾತ್ರೆಯನ್ನ ಐಸು ಹಾಕಿದ ತಣ್ಣೀರ ತೊಟ್ಟಿಯಲ್ಲಿಟ್ಟು 20 ಡಿಗ್ರಿಗೆ ಇಳಿಸಿದ. ಮುಚ್ಚಳದ ಡಬ್ಬಕ್ಕೆ ಸುರಿದು ಈಸ್ಟ್ ಉದುರಿಸಿದ. ಪಾತ್ರೆ ತೊಳೆದು ಮುಗಿಸೋ ಹೊತ್ತಿಗೆ ನಾಲ್ಕೂ ಕಾಲು. ಐದಾರು ಗಂಟೆಯ ಕೆಲಸ ಮೂರು ಚಿಲ್ಲರೆ ಗಂಟೆಗೆ ಬಂದಿತ್ತು.

"ಇನ್ನೂ ಬೇಗ ಆಗಲ್ವೇನೋ?" ಅಂದೆ. "ನನ್ನ ಕೆಲಸ ಬೇಕಾದರೆ ಇನ್ನೂ ಕಡಿಮೆ ಮಾಡ್ತೀನಿ ಅಕ್ಕ. ಅದರ ಕೆಲಸ ಕಡಿಮೆ ಮಾಡೋಕಾಗಲ್ಲ" ಅಂದ.

ಅವನು ಹೇಳಿದ 'ಅದರ ಕೆಲಸ' ಏನು ಅಂತ ಆಮೇಲಿನ ದಿನಗಳಲ್ಲಿ ತಿಳಿಯಿತು. ಡಬ್ಬಕ್ಕೆ, ಚಮಚಕ್ಕೆ, ಕೈಗೆ ಶುದ್ಧಿ ಮಾಡೋ ದ್ರಾವಣ ಹಚ್ಚೋದರಲ್ಲಿ ಒಂದು ನಿಮಿಷವೂ ಉಳಿಸುವಂತಿಲ್ಲ. ಈಸ್ಟಿಗೆ ಒಂದು ವಾರ ಬೇಕೇ ಬೇಕು. ನಮ್ಮ ಹಾಲಿನ ಸೊಸೈಟಿಯಲ್ಲಿ ಹಾಲಿಗೆ ಬಿಡೋ ಲ್ಯಾಕ್ಟೋಮೀಟರ್ ಥರ ಅವರಿಗೂ ಒಂದು ಗಾಜಿನ ಕೊಳವೆ ಇದೆ. ರಸದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಮೇಲೆ ತೇಲುತ್ತೆ, ಕಮ್ಮಿಯಾದ ಹಾಗೆ ಕೆಳಗಿಳಿಯುತ್ತೆ. ಮೊದಲ ದಿನ 1.042 ಇದ್ದದ್ದು ಕೊನೆಗೆ 1.010ಕ್ಕೆ ಬಂದು, ಎರಡು ದಿನ ಅಲ್ಲೇ ನಿಂತರೆ ಮಾತ್ರ ಬಾಟಲಿಗೆ ಹಾಕಬೇಕು. ಆಗ ಮದ್ಯದ ಅಂಶ ನೂರಕ್ಕೆ ನಾಲ್ಕು ಚಿಲ್ಲರೆ. ಅವಸರ ಮಾಡಿ ಮೊದಲೇ ತುಂಬಿದರೆ ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿ, ಗಾಳಿ ಸೇರಿ, ಬಾಟಲಿ ಸಿಡಿಯುತ್ತೆ. ಅವನ ಪರಿಚಯದವರೊಬ್ಬರ ಮನೆಯಲ್ಲಿ ಗಾಜಿನ ಚೂರು ಬಾಗಿಲಿಗೆ ನೆಟ್ಟಿತ್ತಂತೆ. ಬಾಟಲಿಗೆ ಲೀಟರಿಗೆ ಆರು ಗ್ರಾಂ ಸಕ್ಕರೆ ಲೆಕ್ಕ ಹಾಕಿ ಮುಚ್ಚಿ ಮತ್ತೆ ಎರಡು ವಾರ. ಒಟ್ಟು ಮೂರು ವಾರ.

ಅಲ್ಲಿ ನಾರ್ವೆ ದೇಶದ ಹಳ್ಳಿ ಮನೆಗಳಲ್ಲಿ ಕ್ವೈಕ್ ಅನ್ನೋ ಈಸ್ಟ್ ಇದೆಯಂತೆ. ತಲೆಮಾರಿನಿಂದ ತಲೆಮಾರಿಗೆ ಮರದ ಬಳೆಗೆ ಹಚ್ಚಿ ಒಣಗಿಸಿ ಇಟ್ಟುಕೊಂಡು ಬಂದದ್ದು. 35 ಡಿಗ್ರಿಗಿಂತ ಮೇಲಿನ ಬಿಸಿಯಲ್ಲೂ ಕೆಡದೆ ಮೂರು ನಾಲ್ಕು ದಿನಕ್ಕೆ ಹುದುಗಿಸುತ್ತೆ. ಇದನ್ನ ಕೇಳಿದಾಗ ನನಗೆ ಹೆಪ್ಪಿನ ನೆನಪು ಬಂತು. ಅವ್ವ ಹೊಳೆಯಾಚೆಯ ತವರಿಂದ ಮದುವೆಯಾಗಿ ಬಂದಾಗ ಕುಡಿಕೆಯಲ್ಲಿ ಹೆಪ್ಪು ತಂದಿದ್ದಳಂತೆ.

ನಮ್ಮಲ್ಲೂ ಬೇಗ ಹುದುಗೋದು ಇಲ್ಲದೆ ಇಲ್ಲ. ಬೈನೆ ಮರದಿಂದ ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ಸಂಜೆಗೆ ಹುಳಿ. ಅದಕ್ಕೆ ಯಾರೂ ಈಸ್ಟ್ ಹಾಕಬೇಕಿಲ್ಲ, ಗಾಳಿಯಲ್ಲಿ, ಮಡಕೆಯಲ್ಲಿ ಇದ್ದದ್ದೇ ಸಾಕು. ಅದರ ಅವಸರ ಮರದ್ದು, ಮನುಷ್ಯನದ್ದಲ್ಲ. ಮನುಷ್ಯ ಅವಸರ ಮಾಡಿದ್ದು ಬೇರೆ ಕಡೆ. 2000ದ ಅಕ್ಟೋಬರಿನಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾದುಕ್ಕಲ್‌ನಲ್ಲಿ ಕಳ್ಳಸಾರಾಯಿ ಕುಡಿದು 31 ಜನ ಸತ್ತರು, ಕಣ್ಣು ಕಳಕೊಂಡವರೂ ಇದ್ದರು. ಅದರಲ್ಲಿದ್ದದ್ದು ಮೆಥನಾಲ್ ವಿಷ. ಹುದುಗಿಸಿ ಕಾಯೋ ಬದಲು ಸಿಕ್ಕಿದ ಸ್ಪಿರಿಟ್ ಬೆರೆಸಿ ಅಮಲು ಏರಿಸಿದರೆ ಆಗೋದು ಹೀಗೆ.

ಇಷ್ಟು ಓದಿ ಯಾರಾದರೂ ಪಾತ್ರೆ ಒಲೆ ಮೇಲಿಟ್ಟಾರು ಅಂತ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ 1963ರಿಂದ ಮನೆ ಬಳಕೆಗೆ ಬಿಯರ್ ಮಾಡೋಕೆ ಲೈಸೆನ್ಸ್ ಬೇಕಿಲ್ಲ, ಮಾರೋ ಹಾಗಿಲ್ಲ ಅಷ್ಟೇ. ನಮ್ಮ ಕೇರಳದಲ್ಲಿ ಹಾಗಲ್ಲ. ಇಲ್ಲಿ ನಡೆಯೋದು ಕೊಲ್ಲವರ್ಷ 1077ರ, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 1902ರ ಸುಮಾರಿನ ಅಬ್ಕಾರಿ ಕಾಯ್ದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ಮಾಡಿದರೆ ಜೈಲೇ. ಕ್ರಿಸ್ಮಸ್ಸಿಗೆ ಮಾಡೋ ದ್ರಾಕ್ಷಿ ವೈನಿನ ಬಗ್ಗೆಯೂ 2019ರಲ್ಲಿ ಎಕ್ಸೈಜ್ ಇಲಾಖೆ ಎಚ್ಚರಿಕೆ ಕೊಟ್ಟಿತ್ತು.

ಅವ್ವನ ಮಾತಿಗೆ ಬರ್ತೀನಿ. ಆ ಭಾನುವಾರ ಅವಳು ಬಾಗಿಲ ಮರೆಯಲ್ಲಿ ನಿಂತು ಎಲ್ಲ ನೋಡಿದ್ದಳು. ಚೀಲ ಹಿಂಡೋವಾಗ ಮುಂದೆ ಬಂದಳು.

"ಅದೇನ್ ಮಗಾ, ಮಾಲ್ಟಾ?"

"ಹೂಂ ಅವ್ವ. ನಮ್ಮ ರಾಗೀದು ಇದ್ದಂಗೆ."

"ಹತ್ತು ಲೀಟರ್ ಎಷ್ಟ್ ದಿನಕ್ಕೆ ಬತ್ತದೆ?"

"ಇಪ್ಪತ್ತು ಬಾಟ್ಲಿ ಅವ್ವ. ಅರ್ಧ ಅಕ್ಕಪಕ್ಕದೋರಿಗೆ ಕೊಡ್ತೀನಿ. ಉಳಿದದ್ದು ಒಂದು ತಿಂಗಳು."

"ನಿಮ್ಮಪ್ಪನೂ ವಾರಕ್ಕೊಂದೇ ಪ್ಯಾಕೆಟ್ ಅಂತಿದ್ದ."

ತಮ್ಮ ಮಾತಾಡಲಿಲ್ಲ. ಪಾತ್ರೆಯೊಳಗೆ ಕೈಯಾಡಿಸ್ತಾ ನಿಂತ. ಅವನ ಮುಂದೆ ಒಂದು ನೋಟ್‌ಬುಕ್ಕು ತೆರೆದಿತ್ತು, ಮಾಲ್ಟ್ ಎಷ್ಟು, ಬಿಸಿ ಎಷ್ಟು, ಗಂಟೆ ಎಷ್ಟು ಅಂತ ಸಾಲು ಸಾಲು. ಅವ್ವನಿಗೆ ಓದು ಬರಲ್ಲ, ಆದರೆ ಲೆಕ್ಕದ ಪುಸ್ತಕ ಅಂದರೆ ಏನು ಅಂತ ಗೊತ್ತು. ಅಪ್ಪ ಸತ್ತ ಮೇಲೆ ಕಾಫಿ ಕೊಯ್ಲಿನ ಕೂಲಿಯಲ್ಲಿ ನಮ್ಮಿಬ್ಬರನ್ನೂ ಓದಿಸಿದವಳು.

"ಮಾಡೋದ್ ಬರಿತೀಯಲ್ಲ, ಕುಡಿಯೋದೂ ಅದ್ರಲ್ಲೇ ಬರಿ. ತಿಂಗಳಿಗೊಂದ್ ಸತಿ ನಂಗೆ ಓದ್ ಹೇಳ್ಬೇಕು" ಅಂದಳು.

ಅವನು ಬರೆಯುತ್ತಿದ್ದಾನೆ. ಎಡಗಡೆ ಪುಟದಲ್ಲಿ ಮಾಡಿದ್ದು, ಬಲಗಡೆ ಪುಟದಲ್ಲಿ ಬಾಟಲಿ ಲೆಕ್ಕ: ಎಷ್ಟು ಕೊಟ್ಟೆ, ಎಷ್ಟು ಕುಡಿದೆ, ಯಾವ ದಿನ. ಒಂದು ತಿಂಗಳು ನಾಲ್ಕು, ಇನ್ನೊಂದು ತಿಂಗಳು ಏಳು. ಏಳು ಅಂದ ದಿನ ಅವ್ವ "ಯಾಕೆ?" ಅಂತ ಕೇಳಿದಳು. ಕೆಲಸದ ಜಾಗದಲ್ಲಿ ಬೇಜಾರಾಗಿತ್ತು ಅಂದ. "ಬೇಜಾರಾದಾಗ ಫೋನ್ ಮಾಡು" ಅಂದಳು. ಆಮೇಲಿನ ತಿಂಗಳು ಐದು.

ಇದರಿಂದ ಅವನು ಕೊನೇವರೆಗೂ ಸರಿಯಾಗೇ ಇರ್ತಾನೆ ಅಂತ ನಾನು ಹೇಳೋಕೆ ಬರಲ್ಲ. ಆದರೆ ಇಷ್ಟು ಕಂಡಿದ್ದೀನಿ. ಅಪ್ಪನ ಪ್ಯಾಕೆಟ್ ಹಲ್ಲಲ್ಲಿ ಕಚ್ಚಿ ಹರಿದರೆ ಮುಗೀತು, ಅದರಲ್ಲಿ ಕಾಯೋದು ಅಂತ ಇರಲಿಲ್ಲ. ಇವನದಕ್ಕೆ ಇವತ್ತು ಆಸೆಯಾದರೆ ಮೂರು ವಾರ ಆಮೇಲೆ ಸಿಗುತ್ತೆ. ಬಿಡುವು ಇಲ್ಲದವನು ತನ್ನ ಕೆಲಸದ ಗಂಟೆ ಕಡಿಮೆ ಮಾಡಿಕೊಂಡ, ಸರಿ. ಕಾಯೋ ದಿನಗಳಿಗೆ ಕೈ ಹಾಕಲಿಲ್ಲ.

ನಾವು ಶಾಲೆಗೆ, ತೋಟಕ್ಕೆ ಓಡೋ ಹೆಂಗಸರೂ ದಿನಾ ಇದೇ ಲೆಕ್ಕ ಹಾಕ್ತೀವಿ. ಹಿಟ್ಟು ರುಬ್ಬೋದನ್ನ ಮಿಷನ್ನು ಹತ್ತು ನಿಮಿಷಕ್ಕೆ ಮಾಡುತ್ತೆ, ಡಿಸೆಂಬರ್ ಚಳಿಯಲ್ಲಿ ಅದು ಉಬ್ಬೋಕೆ ಮಾತ್ರ ಬೆಳಗಿನವರೆಗೂ ಸಾಲದು. ಆಗ ಸೋಡಾ ಹಾಕಿ ಉಬ್ಬಿಸೋ ಬದಲು ಪಾತ್ರೆಯನ್ನ ಒಲೆ ಪಕ್ಕ ಇಟ್ಟು, ಹಿಂದಿನ ಸಂಜೆ ಒಂದು ಗಂಟೆ ಮುಂಚೆ ರುಬ್ಬಿ. ರಾತ್ರಿ ಕಾಯಿಸಿಟ್ಟ ರಾಗಿ ಗಂಜಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿದರೆ ಅಂಬಲಿ, ನಮ್ಮ ಕೆಲಸ ಅದರಲ್ಲಿ ಕಾಲು ಗಂಟೆಯೂ ಇಲ್ಲ. ಏಳನೇ ಕ್ಲಾಸಿನ ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಎರಡು ಲೋಟ ಅಂಬಲಿ ತಂದಿಟ್ಟು, ಇವತ್ತಿನದು ಒಂದು, ನಿನ್ನೆಯದು ಒಂದು, ರುಚಿ ನೋಡಿಸ್ತೀನಿ. ಪಾಠ ಬೇಗ ತಲೆಗೆ ಹೋಗುತ್ತೆ.

ಅವ್ವ ಇವತ್ತಿಗೂ ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಿಲ್ಲ. ತಿಂಗಳ ಕೊನೆಯ ಭಾನುವಾರ ಮಾತ್ರ ಸಂಜೆ ದೀಪ ಹಚ್ಚಿ ಬಂದು, "ಫೋನ್ ತಗೊ, ಲೆಕ್ಕ ಕೇಳ್ಬೇಕು" ಅಂತಾಳೆ.