ಮೂರು ಕರಡಿಗಳ ಪಾಠ

ಕನ್ನಡ ಶಾಲೆಯಲ್ಲಿ ಓದಿ ಗುರುಮಠ ಸೇರಿದ ನಾವು ಇಂಗ್ಲಿಷ್ ಪುಸ್ತಕಗಳ ಮುಂದೆ ತಡವರಿಸಿದವರು. ಆದ್ದರಿಂದ ವಯನಾಡಿನ ಕಾಟ್ಟುನಾಯ್ಕ ಮಕ್ಕಳ ಮೌನ ನಮಗೆ ತಿಳಿಯುತ್ತದೆ. ಅವರ ಮನೆಮಾತು ಕನ್ನಡಕ್ಕೆ ಹತ್ತಿರ. ಶಾಲೆಯಲ್ಲಿ ಮಲಯಾಳಂ, ಅದರ ಮೇಲೆ ಇಂಗ್ಲಿಷ್. ಅಂಥ ಮಗುವಿಗೆ ವ್ಯಾಕರಣಕ್ಕಿಂತ ಮೊದಲು ಕಥೆ ಬೇಕು.

1837ರಲ್ಲಿ ರಾಬರ್ಟ್ ಸೌದಿ ಅಚ್ಚು ಮಾಡಿಸಿದ ಮೂರು ಕರಡಿಗಳ ಕಥೆಯನ್ನೇ ತೆಗೆದುಕೊಳ್ಳಿ. ಜೇನು ಕೀಳುವವರ ಮಕ್ಕಳಿಗೆ ಕರಡಿ ಹೊಸದಲ್ಲ, ಗಂಜಿಯೂ ಹೊಸದಲ್ಲ. ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಬಟ್ಟಲು ಮುಟ್ಟಿಸಿ ‘ಹಾಟ್’, ‘ಕೋಲ್ಡ್’ ಎಂದರೆ ಸಾಕು. ಕಥೆಯಲ್ಲಿ ಮಾತು ಮೂರು ಮೂರು ಸಲ ಮರಳುವುದರಿಂದ ಮಗು ತಾನೇ ದನಿಗೂಡಿಸುತ್ತದೆ. 2017ರಲ್ಲಿ ವಯನಾಡಿನ ಶಾಲೆಗಳಿಗೆ ‘ಗೋತ್ರಬಂಧು’ ಯೋಜನೆಯಡಿ ಆದಿವಾಸಿ ಶಿಕ್ಷಕರು ಬಂದದ್ದೂ ಮನೆಮಾತಿನ ಆಸರೆಗಾಗಿಯೇ.

ಹೆತ್ತವರೇ, ಇಂಗ್ಲಿಷ್ ಬರಲೆಂದು ಮನೆಮಾತನ್ನು ಹೊರಗಟ್ಟಬೇಡಿ. ಇಂದೇ ಒಂದು ಕಥೆ ಹೇಳಿ.